ಉದ್ದರಿ ಪುಸ್ತಕ

ವಕೀಲರು ಹೇಳಿದರು: ಇದರದೊಂದು ನಕಲು ಬೇಕು, ಚೊಕ್ಕವಾಗಿ,
ಲಾರಿ ಲೆಕ್ಕ ಮಾತ್ರ.
ಅಕ್ಕಿ, ಸೀಮೆಎಣ್ಣೆ, ಸಾರ್ಡೀನು ಡಬ್ಬಿ ಎಲ್ಲ ಬಿಡಿ,
ಕೋರ್ಟಿನಲ್ಲಿ ನಗುತ್ತಾರೆ.

ನಾನು ತಗ್‌ಬಾಕ್ ಶಾಲೆಯ ಮೂರನೇ ಕ್ಲಾಸಿನ ಟೀಚರು.
ಅಕ್ಷರ ದುಂಡಗಿದೆ ಅಂತ ಕೆಲಸ ನನ್ನ ತಲೆಗೆ ಬಿತ್ತು.

ಪುಸ್ತಕ ಪುರಿಂಗಜ್ಜಿಯದು.
ನಿಕ್ಕಲ್ ಮಣ್ಣು ಹಡಗು ಹತ್ತುವ ದಾರಿಗೆ ಮುಖ ಮಾಡಿದ ಗೂಡಂಗಡಿ,
ಕಿಟಕಿಗೆ ಕೋಳಿಬಲೆ, ಬಲೆಗೆ ಒಂದು ಕೈ ಹಿಡಿಸುವಷ್ಟು ತೂತು.
ಆ ತೂತಿನಿಂದಲೇ ಅವಳು ಲೋಕವನ್ನು ಕಂಡದ್ದು,
ಲೋಕಕ್ಕೆ ಚಿಲ್ಲರೆ ಕೊಟ್ಟದ್ದು.

ಪುಟದ ಎಡಕ್ಕೆ ಊರಿನ ಬಾಕಿ. ಬಲಕ್ಕೆ ಮೊದಲು ಏನೂ ಇರಲಿಲ್ಲ.
ಫೆಬ್ರವರಿ ಮೂರು, ಬೆಳಗಿನ ಜಾವ ನಾಲ್ಕು ಇಪ್ಪತ್ತು,
ಬಲಕ್ಕೆ ಮೊದಲ ಗೀಟು:
ಲಾರಿ. ಟಾರ್ಪಾಲಿಲ್ಲ. ನಂಬರಿಗೆ ಕೆಸರು ಮೆತ್ತಿದೆ, ಬೇಕಂತಲೇ.

ಬರೆ ಅಂತ ಯಾರೂ ಹೇಳಿರಲಿಲ್ಲ.
ನಿದ್ದೆ ಬಾರದ ಮುದುಕಿ, ಕಿವಿಯ ಮೇಲೊಂದು ಪೆನ್ಸಿಲು,
ಕೊಂಡುಹೋದವರನ್ನು ಬರೆದಿಡದಿದ್ದರೆ ಅಂಗಡಿ ಮುಳುಗುತ್ತದೆ
ಅನ್ನುವುದಷ್ಟೇ ಅವಳು ಕಲಿತ ವಿದ್ಯೆ.

ನಕಲಿಗೆ ಕೂತೆ.

ಮಾರ್ಚ್ ಹನ್ನೊಂದು: ಹದಿನೇಳು ಲಾರಿ.
ಅದೇ ಸಾಲಿನ ಎಡಕ್ಕೆ: ಸೆಲ್ಸೊ, ಅಕ್ಕಿ ಎರಡು ಕಿಲೊ,
ದೋಣಿಯ ಹೊಟ್ಟೆಗೆಲ್ಲ ಕೆಂಪು ರಾಡಿಯಂತೆ.
ಮಾರ್ಚ್ ಹನ್ನೆರಡು: ಇಪ್ಪತ್ತೆರಡು. ಸೆಲ್ಸೊ, ಒಂದು ಕಿಲೊ.
ಹದಿನಾಲ್ಕು: ಇಪ್ಪತ್ತೊಂಬತ್ತು.
ಸೆಲ್ಸೊ, ಅರ್ಧ ಕಿಲೊ, ಡಬ್ಬಿಮೀನು ಒಂದು.

ಬೆಸ್ತ. ಡಬ್ಬಿಮೀನು. ಉದ್ದರಿ.
ಪೆನ್ನು ಕೆಳಗಿಟ್ಟೆ.

ಏಪ್ರಿಲಿನಲ್ಲಿ ಎಡಗಡೆ ಹೊಸ ಗಿರಾಕಿ, ಹೆಸರು ಬ್ಯಾರಿಕೇಡು.
ಬ್ಯಾರಿಕೇಡಿಗೆ ಮೇಣದಬತ್ತಿ ಆರು ಡಜನ್,
ಬ್ಯಾರಿಕೇಡಿಗೆ ಬ್ರೆಡ್ಡು, ಸೊಳ್ಳೆಬತ್ತಿ,
ಬ್ಯಾರಿಕೇಡಿನ ಮಗುವಿಗೆ ಹಾಲಿನ ಪುಡಿ.
ರಸ್ತೆಗೆ ಅಡ್ಡ ಮಲಗಿದವರು ಇಂಥವರೆಂದು ಆಕೆ ಬರೆಯಲಿಲ್ಲ.
ಬರೆದದ್ದು ಯಾರ ಕೈಗೆ ಸಿಗುತ್ತದೋ ಯಾರಿಗೆ ಗೊತ್ತು.

ಒಂದು ಹೆಸರು ಮಾತ್ರ ದಪ್ಪಕ್ಕೆ:
ಪೊಲೀಸ್ ಎರ್ನಿಂಗ್. ಸಿಗರೇಟು ಮೂರು, ಕಾಫಿ ಪೊಟ್ಟಣ ಒಂದು. ಮೂವತ್ತೆಂಟು ಪೆಸೊ.
ಮಾರನೆಯ ಬೆಳಿಗ್ಗೆ ಗುರಾಣಿ ಹಿಡಿದು ಅವನೇ ಎದುರಿಗೆ.
ರಸ್ತೆ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಜ್ಜಿ.
ಘೋಷಣೆ ಕೂಗಲಿಲ್ಲ, ಶಪಿಸಲಿಲ್ಲ.
ಮೂವತ್ತೆಂಟು, ಅಂದಳು.

ಎತ್ತಿದ, ಎತ್ತದೆ ಇರಲಿಲ್ಲ.
ಆದರೆ ಮೊಟ್ಟೆಯ ತಟ್ಟೆ ಎತ್ತಿದ ಹಾಗೆ ಎತ್ತಿದ,
ಸ್ಟೂಲಿನ ಸಮೇತ.
ಸಂಜೆ ಬಂದು ನಲವತ್ತು ಇಟ್ಟು ಹೋದ, ಮುಖ ನೋಡದೆ.
ಎರಡು ಪೆಸೊ ಅವನಿಗೆ ವಾಪಸು ಕೊಡಬೇಕು, ಹಾಗಂತ ಬರೆದಿದೆ.

ಆಮೇಲೆ ಕಂಪನಿಯವನು. ಇಸ್ತ್ರಿ ಅಂಗಿ, ನಯವಾದ ಮಾತು.
ಊರಿನ ಉದ್ದರಿಯಷ್ಟನ್ನೂ ನಾವೇ ತೀರಿಸುತ್ತೇವೆ ಅಜ್ಜೀ,
ಒಂದು ಪೈಸೆ ಬಿಡದೆ. ಆ ಹಳೇ ಪುಸ್ತಕ ಕೊಟ್ಟುಬಿಡಿ.
ಆ ಹೊತ್ತು ಅಂಗಡಿ ಮುಂದೆ ಒಂಬತ್ತು ಜನ ನಿಂತಿದ್ದೆವು,
ಒಂಬತ್ತೂ ಜನ ಅವಳಿಗೆ ಬಾಕಿ.
ಯಾರೂ ಯಾರ ಕಡೆಗೂ ತಿರುಗಲಿಲ್ಲ.
ನಾಚಿಕೆಯಾಗುತ್ತದೆ ಹೇಳಲು: ಕೊಟ್ಟುಬಿಡಲಿ ಅಂತ
ನನ್ನೊಳಗೊಂದು ದನಿ ಅಂದಿತ್ತು.

ಅಜ್ಜಿ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದಳು,
ಇನ್ನೊಂದು ತಿರುವಿದಳು.
ಇರಪ್ಪ, ಅಂದಳು,
ನಿಮ್ಮದೇ ಇನ್ನೂ ಕೂಡಿಸಿಲ್ಲ.

ವಿಚಾರಣೆ ಮೂರು ಸಲ ಮುಂದೆ ಹೋಗಿದೆ.
ಲಾರಿಗಳು ಈಗ ಗುಡ್ಡದ ಹಿಂದಿನಿಂದ ಇಳಿಯುತ್ತವೆ.
ಅಜ್ಜಿಗೆ ಕಾಣುವುದಿಲ್ಲ,
ಸದ್ದು ಕೇಳಿ ಗೀಟು ಹಾಕುತ್ತಾಳೆ.
ಕೇಳಿದ್ದಕ್ಕೆ ಗೀಟು ಓರೆ, ಕಂಡದ್ದಕ್ಕೆ ನೆಟ್ಟಗೆ.

ಎರಡೂ ಕಡೆ ನಕಲು ಮಾಡಿದೆ, ವಕೀಲರು ಏನಾದರೂ ಅನ್ನಲಿ.
ಕೊನೆಯ ಪುಟದ ಎಡಕ್ಕೆ, ತೀರ ಕೆಳಗೆ:
ಟೀಚರು, ನೀಲಿ ಪೆನ್ನು ಎರಡು,
ಏನೋ ಬರೆಯಲಿಕ್ಕಿದೆಯಂತೆ.

ಅದನ್ನೂ ಇಳಿಸಿಕೊಂಡೆ.